ಸೇಬಿನ ಗುರುತಿಲ್ಲದ ಪಿಸಿಯಲ್ಲಿ ಮ್ಯಾಕ್: ಹ್ಯಾಕಿಂಟಾಷ್ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ

ಒಂದು ಬೇಸಿಗೆ ಸಂಜೆ ಗಂಗಾವತಿಯಿಂದ ನಮ್ಮ ಅಳಿಯ ಬಳ್ಳಾರಿಗೆ ಬಂದ. ಕಂಪ್ಲಿ ಮೇಲೆ ಬರುವ ಬಸ್ಸು, ತೊಡೆಯ ಮೇಲೆ ಹಳೆ ಜಮಖಾನ ಸುತ್ತಿದ ಪಿಸಿ ಕ್ಯಾಬಿನೆಟ್. ಪಕ್ಕದ ಅಜ್ಜಿ "ಮಗು ಮಲಗೈತೇನಪಾ" ಎಂದು ಕೇಳಿದರಂತೆ.

ಅಳಿಯ ಮದುವೆ ವಿಡಿಯೊ ಎಡಿಟ್ ಮಾಡುವವನು. ಬೆಂಗಳೂರಿನ ಒಂದು ಪಾರ್ಟಿ ಕೆಲಸ ಕೊಡುತ್ತೇನೆ ಅಂದಿದೆ. ಆದರೆ ಅವರದೆಲ್ಲ ಫೈನಲ್ ಕಟ್ ಪ್ರೊ. ಅದು ಆಪಲ್ ಕಂಪನಿಯ ಎಡಿಟಿಂಗ್ ತಂತ್ರಾಂಶ, ವಿಂಡೋಸ್‌ನಲ್ಲಿ ಓಡುವುದಿಲ್ಲ. ಹೊಸ ಮ್ಯಾಕ್, ಅಂದರೆ ಆಪಲ್‌ನದೇ ಕಂಪ್ಯೂಟರ್, ತರುವಷ್ಟು ದುಡ್ಡು ಸದ್ಯಕ್ಕಿಲ್ಲ. ಹಾಗಾಗಿ ತಾನೇ ಜೋಡಿಸಿದ ಪಿಸಿಗೆ ಮ್ಯಾಕ್‌ನ ತಂತ್ರಾಂಶ ಹಾಕಲು ಹೊರಟಿದ್ದ.

"ಮಾವ, ಇಲ್ಲಿಗೆ ಬಂದು ನಿಂತ್ಬಿಡ್ತೈತಿ ನೋಡ್ರಿ. ಮುಂದಕ್ಕ ಹೋಗವಲ್ದು."

ಕಪ್ಪು ಪರದೆ, ಬಿಳಿ ಅಕ್ಷರದ ಸಾಲುಗಳು, ಕೊನೆಯಲ್ಲಿ 'ಎಕ್ಸಿಟ್‌ಬಿಎಸ್: ಸ್ಟಾರ್ಟ್'. ಫ್ಯಾನು ಮಾತ್ರ ತಿರುಗುತ್ತಿತ್ತು. ಮೂರು ಸಲ ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದನಂತೆ. ಮೂರು ಸಲವೂ ಅದೇ ಸಾಲು.

ಪಿಸಿಗೆ ಮ್ಯಾಕ್ ಹಾಕುವುದು ಹೇಗೆ ಎಂಬ ಪ್ರಶ್ನೆ ಈಚೆಗೆ ಜಾಸ್ತಿ ಕೇಳಿಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೆ ಪಿಸಿ ಇಟ್ಟುಕೊಂಡವರು ಬೇರೆ ಏನು ಹಾಕಬಹುದು ಎಂದು ನೋಡುತ್ತಿದ್ದಾರೆ. ಅದೇ ವರ್ಷ ಇಂಟೆಲ್ ಚಿಪ್‌ಗೆ ಇನ್ನು ಒಂದೇ ಮ್ಯಾಕ್ ಆವೃತ್ತಿ, ಅದೇ ಕೊನೆ ಎಂದು ಆಪಲ್ ಹೇಳಿತು. ಈಗಲೇ ಮಾಡಿದರೆ ಉಂಟು ಎಂಬ ಅವಸರ ಹಲವರಿಗೆ ಹತ್ತಿದೆ.

ಕರೆಂಟು ಹೋದಾಗ ಬೇರೆಯವರ ಮನೆಯಲ್ಲಿ ನಾವು ಗೋಡೆ ತಡಕಾಡುತ್ತೇವಲ್ಲ, ಮ್ಯಾಕ್ ಕೂಡ ನಮ್ಮ ಪಿಸಿಯೊಳಗೆ ಹಾಗೇ ತಡಕಾಡುತ್ತದೆ. ತಾನು ಆಪಲ್‌ನವರ ಮನೆಯಲ್ಲೇ ಇದ್ದೇನೆ ಎಂದು ಅದರ ನಂಬಿಕೆ. ಅಲ್ಲಿ ಸ್ವಿಚ್ ಇರುವ ಜಾಗದಲ್ಲಿ ಇಲ್ಲಿ ಬರೀ ಗೋಡೆ ಸಿಕ್ಕರೆ ನಿಂತುಬಿಡುತ್ತದೆ. ಎಲ್ಲಿ ನಿಂತಿತು ಎಂಬುದನ್ನು ಪರದೆಯ ಮೇಲೆ ಬರೆದೂ ಇಡುತ್ತದೆ. ಆ ಬರಹ ಓದುವುದು ಹೇಗೆ ಎಂಬುದೇ ಇಲ್ಲಿ ಹೇಳಹೊರಟಿರುವ ವಿಷಯ.

ಹ್ಯಾಕಿಂಟಾಷ್ ಅಂದರೇನು?

ಕಂಪ್ಯೂಟರಿನ ಪಾರ್ಟುಗಳನ್ನೆಲ್ಲ ಒಟ್ಟಿಗೆ ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಒಂದು, ಲಿನಕ್ಸ್ ಇನ್ನೊಂದು, ಆಪಲ್‌ನ ಮ್ಯಾಕ್‌ಒಎಸ್ ಮತ್ತೊಂದು. ವಿಂಡೋಸ್ ನೂರಾರು ಕಂಪನಿಗಳ ಪಾರ್ಟುಗಳ ಮೇಲೆ ಓಡಬೇಕು, ಹಾಗೆಂದೇ ಅದನ್ನು ಬರೆದಿದ್ದಾರೆ. ಆಪಲ್ ಮಾತ್ರ ಕಂಪ್ಯೂಟರನ್ನೂ ತಾನೇ ಮಾಡುತ್ತದೆ, ತಂತ್ರಾಂಶವನ್ನೂ ತಾನೇ ಬರೆಯುತ್ತದೆ. ತನ್ನ ಕೆಲವೇ ಮಾದರಿಗಳಿಗೆ ಒಪ್ಪಿದರೆ ಅದಕ್ಕೆ ಸಾಕು.

2005ರ ಜೂನ್‌ನಲ್ಲಿ ಆಪಲ್ ಇಂಟೆಲ್ ಚಿಪ್‌ಗೆ ಬದಲಾಗುವುದಾಗಿ ಹೇಳಿತು. 2006ರ ಜನವರಿಯಲ್ಲಿ ಅಂಥ ಮೊದಲ ಮ್ಯಾಕ್‌ಗಳು ಬಂದವು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಮ್ಯಾಕ್‌ನ ಒಳಗೂ ನಮ್ಮ ಪಿಸಿಯ ಒಳಗೂ ಇದ್ದದ್ದು ಒಂದೇ ಜಾತಿಯ ಚಿಪ್. ಹಾಗಾದರೆ ಅದನ್ನು ಇಲ್ಲಿ ಯಾಕೆ ಓಡಿಸಬಾರದು ಎಂದು ಜನ ಕೈಹಾಕಿದರು. ಮ್ಯಾಕಿಂಟಾಷ್‌ಗೆ 'ಹ್ಯಾಕ್' ಸೇರಿ ಹ್ಯಾಕಿಂಟಾಷ್ ಆಯಿತು.

ಕಾನೂನು ಏನು ಹೇಳುತ್ತದೆ?

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮ್ಯಾಕ್‌ಒಎಸ್‌ನ ಲೈಸೆನ್ಸ್ ಪ್ರಕಾರ ಅದನ್ನು ಆಪಲ್ ಬ್ರ್ಯಾಂಡಿನ ಕಂಪ್ಯೂಟರಿಗೆ ಮಾತ್ರ ಹಾಕಬಹುದು. ಅಮೆರಿಕದ ಸೈಸ್ಟಾರ್ ಎಂಬ ಕಂಪನಿ ಪಿಸಿಗೆ ಮ್ಯಾಕ್ ಹಾಕಿ ಮಾರಲು ಹೊರಟಾಗ ಆಪಲ್ 2008ರಲ್ಲಿ ಕೇಸು ಹಾಕಿತು. 2009ರಲ್ಲಿ ತೀರ್ಪು ಆಪಲ್ ಪರ ಬಂತು. ಮನೆಯಲ್ಲಿ ಕಲಿಯಲು ಮಾಡಿಕೊಂಡರೂ ಲೈಸೆನ್ಸ್ ಮೀರಿದಂತೆಯೇ. ಆಪಲ್‌ನಿಂದ ಯಾವ ಸಹಾಯವೂ ಸಿಗುವುದಿಲ್ಲ. ಅಂಗಡಿ ಇಟ್ಟು ದುಡ್ಡಿಗೆ ಮಾಡಿಕೊಡುವುದಂತೂ ಬೇಡವೇ ಬೇಡ. ಅಳಿಯನಿಗೂ ಇದನ್ನು ಹೇಳಿದೆ. "ಗಿರಾಕಿ ಕೆಲಸ ಗಟ್ಟಿಯಾಗಿ ಶುರುವಾದರೆ ಮೊದಲ ದುಡ್ಡಿನಲ್ಲಿ ಸೆಕೆಂಡ್‌ಹ್ಯಾಂಡ್ ಮ್ಯಾಕ್ ಮಿನಿ ನೋಡು" ಎಂದೆ. ತಲೆಯಾಡಿಸಿದ.

ಮಧ್ಯಸ್ಥ ಮಾಡುವ ಕೆಲಸ

ಹೆಣ್ಣು ನೋಡುವ ಶಾಸ್ತ್ರಕ್ಕೆ ಒಬ್ಬ ಮಧ್ಯಸ್ಥ ಇರುತ್ತಾನಲ್ಲ, ಎರಡೂ ಕಡೆಗೆ ಒಪ್ಪುವ ಹಾಗೆ ಮಾತಾಡುವವನು? ಹ್ಯಾಕಿಂಟಾಷ್‌ನಲ್ಲಿ ಆ ಕೆಲಸ ಓಪನ್‌ಕೋರ್‌ನದು. ಇದು ಬೂಟ್‌ಲೋಡರ್. ಅಂದರೆ ಪಿಸಿ ಆನ್ ಮಾಡಿದ ತಕ್ಷಣ ಎದ್ದು, ಆಪರೇಟಿಂಗ್ ಸಿಸ್ಟಂ ಅನ್ನು ಕರೆತರುವ ಸಣ್ಣ ತಂತ್ರಾಂಶ. ಮೊದಲು ಕಮೆಲಿಯನ್, ಆಮೇಲೆ ಕ್ಲೋವರ್ ಎಂಬುವು ಚಾಲ್ತಿಯಲ್ಲಿದ್ದವು. 2019ರಿಂದೀಚೆಗೆ ಅಸಿಡಾಂಥೆರಾ ತಂಡದ ಓಪನ್‌ಕೋರ್ ಬಳಕೆಯೇ ಜಾಸ್ತಿ.

ಇದೆಲ್ಲ ಇರುವುದು 'ಇಎಫ್‌ಐ' ಎಂಬ ಒಂದೇ ಫೋಲ್ಡರಿನಲ್ಲಿ. ಅದರೊಳಗೆ ಮುಖ್ಯವಾದವು ಮೂರು. ಮೊದಲನೆಯದು ಕೆಕ್ಸ್ಟ್‌ಗಳು, ಅಂದರೆ ಮ್ಯಾಕ್‌ನ ಡ್ರೈವರ್‌ಗಳು. ಸೌಂಡಿಗೊಂದು, ನೆಟ್‌ವರ್ಕಿಗೊಂದು, ಹೀಗೆ. ಎರಡನೆಯದು ಎಸ್‌ಎಸ್‌ಡಿಟಿಗಳು, ಇವನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಮೂರನೆಯದು ಕಾನ್ಫಿಗ್ ಫೈಲು. ಯಾವುದನ್ನು ಹಚ್ಚಬೇಕು, ಯಾವುದನ್ನು ಬಿಡಬೇಕು ಎಂದು ಮಧ್ಯಸ್ಥನಿಗೆ ಬರೆದುಕೊಟ್ಟ ಚೀಟಿ ಅದು.

ಕೆಕ್ಸ್ಟ್‌ಗಳಲ್ಲಿ ಒಂದರ ಕತೆ ಸ್ವಾರಸ್ಯವಾಗಿದೆ. ನಿಜವಾದ ಇಂಟೆಲ್ ಮ್ಯಾಕ್‌ನಲ್ಲಿ ಎಸ್‌ಎಂಸಿ ಎಂಬ ಚಿಪ್ ಇರುತ್ತದೆ. ಫ್ಯಾನ್ ವೇಗ, ಬಿಸಿ, ಪವರ್ ನೋಡಿಕೊಳ್ಳುವುದು ಅದೇ. ಮ್ಯಾಕ್‌ಒಎಸ್ ಏಳುವಾಗ ಆ ಚಿಪ್‌ನಿಂದ ಒಂದು ಗುಟ್ಟಿನ ಮಾತು ಕೇಳುತ್ತದೆ. ಕೇಳುವ ಆ ಫೈಲಿಗೆ ಆಪಲ್‌ನವರು ಇಟ್ಟ ಹೆಸರೇ 'ಡೋಂಟ್ ಸ್ಟೀಲ್ ಮ್ಯಾಕ್ ಒಎಸ್ ಎಕ್ಸ್'. ಕದೀಬೇಡ್ರಪ್ಪಾ ಅಂತ! ನಮ್ಮ ಪಿಸಿಯಲ್ಲಿ ಆ ಚಿಪ್ ಇಲ್ಲ. ಅದರ ಬದಲು ಉತ್ತರ ಕೊಡುವುದು ವರ್ಚುವಲ್‌ಎಸ್‌ಎಂಸಿ ಎಂಬ ಕೆಕ್ಸ್ಟ್. ಅದು ಇಲ್ಲದಿದ್ದರೆ ಮ್ಯಾಕ್ ಏಳುವುದೇ ಇಲ್ಲ.

ಪಾರ್ಟೇ ಒಪ್ಪದಿದ್ದರೆ

ಮಧ್ಯಸ್ಥ ಎಷ್ಟೇ ಜಾಣನಾಗಿದ್ದರೂ ಕೆಲವು ಸಂಬಂಧ ಕೂಡುವುದಿಲ್ಲ. ಅದರಲ್ಲಿ ಮೊದಲನೆಯದು ಗ್ರಾಫಿಕ್ಸ್ ಕಾರ್ಡ್.

ನಮ್ಮ ಕಡೆ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಎನ್‌ವಿಡಿಯಾ ಕಾರ್ಡು. ಅಳಿಯನ ಪಿಸಿಯಲ್ಲೂ ಜಿಟಿಎಕ್ಸ್ 1650 ಇತ್ತು. ಅದಕ್ಕೆ ಮ್ಯಾಕ್‌ನಲ್ಲಿ ಡ್ರೈವರ್ ಬಂದೇ ಇಲ್ಲ, ಬರುವುದೂ ಇಲ್ಲ. ಅದಕ್ಕಿಂತ ಹಳೆಯ 1050 ಟಿಐ, 1060 ಇದ್ದವರಿಗೆ ಹೈ ಸಿಯೆರಾ ಎಂಬ 2017ರ ಆವೃತ್ತಿಯವರೆಗೆ ದಾರಿ ಇದೆ, ಅದರಾಚೆ ಇಲ್ಲ. ಎಎಂಡಿಯ ಆರ್‌ಎಕ್ಸ್ 570, 580, 5700, 6600 ಓಡುತ್ತವೆ. ಆದರೆ ಎಎಂಡಿ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ತರಬೇಡಿ. 6500 ಎಕ್ಸ್‌ಟಿ ಓಡುವುದಿಲ್ಲ, 7000 ಸರಣಿಯೂ ಓಡುವುದಿಲ್ಲ.

ಕಾರ್ಡೇ ಇಲ್ಲದಿದ್ದರೆ? ಇಂಟೆಲ್ ಚಿಪ್‌ನ ಒಳಗೇ ಇರುವ ಗ್ರಾಫಿಕ್ಸ್ ನೆರವಿಗೆ ಬರುತ್ತದೆ. ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ 8, 9, 10ನೇ ತಲೆಮಾರಿನ ಯುಎಚ್‌ಡಿ 630 ಚೆನ್ನಾಗಿ ಓಡುತ್ತದೆ. 11ನೇ ತಲೆಮಾರಿನಿಂದ ಮುಂದಿನವು ಓಡುವುದಿಲ್ಲ. ಯಾಕೆಂದರೆ ಆ ಚಿಪ್ ಹಾಕಿ ಆಪಲ್ ಯಾವ ಡೆಸ್ಕ್‌ಟಾಪ್ ಮ್ಯಾಕ್ ಅನ್ನೂ ಮಾಡಲಿಲ್ಲ. ತನ್ನ ಮನೆಯಲ್ಲಿಲ್ಲದ ಬಿಡಿಭಾಗಕ್ಕೆ ಅದು ಡ್ರೈವರ್ ಬರೆಯುವುದಿಲ್ಲ, ಅಷ್ಟೇ ಲೆಕ್ಕ.

ಅಳಿಯನದು ಐ5 8400, ಬಿ360 ಬೋರ್ಡು. ಪುಣ್ಯಕ್ಕೆ ಯುಎಚ್‌ಡಿ 630 ಒಳಗೇ ಇತ್ತು. ಮೊದಲು ಸ್ಕ್ರೂ ಬಿಚ್ಚಿ 1650 ತೆಗೆದು ಪಕ್ಕಕ್ಕಿಟ್ಟೆವು. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದೆವು. ಕಾರ್ಡಿನ ಮೇಲೆ ಬಳ್ಳಾರಿ ದೂಳಿಗೇನೂ ಕಮ್ಮಿ ಇಲ್ಲದಷ್ಟು ಗಂಗಾವತಿ ದೂಳು.

ಬಯಾಸ್, ಮತ್ತು ಒಂದು ಸಣ್ಣ ಸೆಲ್ಲು

ಪಿಸಿ ಆನ್ ಆದ ತಕ್ಷಣ ಡಿಲೀಟ್ ಕೀ ಒತ್ತಿದರೆ ಬರುವ ಸೆಟ್ಟಿಂಗ್ ಪುಟವೇ ಬಯಾಸ್. ಇಲ್ಲಿ ಏಳೆಂಟು ಸೆಟ್ಟಿಂಗ್ ಸರಿ ಇರಬೇಕು. ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್, ಸಿಎಸ್‌ಎಂ, ವಿಟಿ-ಡಿ ಆಫ್ ಆಗಿರಬೇಕು. ಅಬೌ 4ಜಿ ಡಿಕೋಡಿಂಗ್ ಮತ್ತು ಎಕ್ಸ್‌ಎಚ್‌ಸಿಐ ಹ್ಯಾಂಡ್-ಆಫ್ ಆನ್ ಆಗಿರಬೇಕು. ಸಾಟಾ ಮೋಡ್ ಎಎಚ್‌ಸಿಐ ಇರಬೇಕು. ಸಿಎಫ್‌ಜಿ ಲಾಕ್ ಆಫ್ ಇರಬೇಕು, ಕೆಲವು ಬೋರ್ಡಿನಲ್ಲಿ ಆ ಆಯ್ಕೆ ಕಾಣುವುದೇ ಇಲ್ಲ. ಆಗ ಓಪನ್‌ಕೋರ್‌ನಲ್ಲಿ 'ಆಪಲ್ ಎಕ್ಸ್‌ಸಿಪಿಎಂ ಸಿಎಫ್‌ಜಿ ಲಾಕ್' ಎಂಬ ಸ್ವಿಚ್ ಹಚ್ಚಿದರೆ ಸಾಕು.

"ಇದೆಲ್ಲಾ ಮಾಡೀನಿ ಮಾವ" ಅಂದ ಅಳಿಯ. ತೆರೆದು ನೋಡಿದರೆ ಒಂದೂ ಇಲ್ಲ. ಎಲ್ಲ ಕಂಪನಿಯಿಂದ ಬಂದ ಹಾಗೇ ಇದೆ. ಮೂಲೆಯಲ್ಲಿ ತಾರೀಖು ನೋಡಿದೆ, ಎಷ್ಟೋ ವರ್ಷ ಹಿಂದಿನದು. ಅಲ್ಲಿಗೆ ಗೊತ್ತಾಯಿತು. ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್ಲು, ಸಿಆರ್ 2032, ಸತ್ತಿತ್ತು. ಪ್ಲಗ್ ಕಿತ್ತಾಗಲೂ ಬಯಾಸ್‌ನ ನೆನಪು ಉಳಿಸುವುದು ಅದೇ ಸೆಲ್ಲು. ಕ್ಯಾಬಿನೆಟ್ ಬಸ್ಸು ಹತ್ತಿದಾಗ ಸೆಟ್ಟಿಂಗ್ ಎಲ್ಲ ಹಾರಿಹೋಗಿತ್ತು. ಹೊಸ ಸೆಲ್ಲು ಹಾಕಿ ಎಲ್ಲವನ್ನೂ ಮತ್ತೆ ಸರಿಮಾಡಿದೆವು. ಕರೆಂಟು ಹೋಗಿ ಬರುವ ಊರಲ್ಲಿ, ಯುಪಿಎಸ್ ಇಲ್ಲದ ಮನೆಯಲ್ಲಿ, ಇದು ದಿನಾ ನಡೆಯಬಹುದಾದ ಆಟ. ನಿನ್ನೆ ಓಡಿದ್ದು ಇವತ್ತು ಓಡದಿದ್ದರೆ ಮೊದಲು ಬಯಾಸ್‌ನ ಗಡಿಯಾರ ನೋಡಿ.

ತಾರೀಖು ತಪ್ಪಿದ್ದರೆ ಇನ್ನೊಂದು ತೊಂದರೆಯೂ ಇದೆ. ಇನ್‌ಸ್ಟಾಲ್ ಮಾಡುವಾಗ ಮ್ಯಾಕ್ ಆಪಲ್‌ನ ಸರ್ವರನ್ನು ಕೇಳುತ್ತದೆ. ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ ಸುರಕ್ಷತೆಯ ಪರೀಕ್ಷೆ ಬೀಳುತ್ತದೆ, 'ರಿಕವರಿ ಸರ್ವರ್ ಸಿಗುತ್ತಿಲ್ಲ' ಎಂದು ಬರುತ್ತದೆ. ಜನ ನೆಟ್‌ವರ್ಕನ್ನು ಬೈಯುತ್ತಾ ಕೂರುತ್ತಾರೆ.

ಕೊನೆಯ ಸಾಲು ಓದುವುದು

ಸಾಮಾನ್ಯವಾಗಿ ಮ್ಯಾಕ್ ಏಳುವಾಗ ಸೇಬಿನ ಚಿತ್ರ, ಕೆಳಗೊಂದು ಪಟ್ಟಿ ಕಾಣುತ್ತದೆ. ಅದು ನಿಂತರೆ ಯಾಕೆಂದು ತಿಳಿಯುವುದಿಲ್ಲ. ಅದಕ್ಕೆ ಕಾನ್ಫಿಗ್ ಫೈಲಿನ ಬೂಟ್ ಆರ್ಗ್ಯುಮೆಂಟ್ ಸಾಲಿನಲ್ಲಿ 'ಮೈನಸ್ ವಿ' ಸೇರಿಸಬೇಕು. ವಿ ಅಂದರೆ ವರ್ಬೋಸ್, ಬಾಯಿಬಿಟ್ಟು ಹೇಳು ಎಂದರ್ಥ. ಆಗ ಚಿತ್ರದ ಬದಲು ಪ್ರತಿ ಹೆಜ್ಜೆಯೂ ಅಕ್ಷರದಲ್ಲಿ ಬರುತ್ತದೆ. ಸಾಲುಗಳು ಸರಸರ ಓಡುವುದರಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿಕೊಳ್ಳಿ. ನಾನು ಹಾಗೇ ಮಾಡುವುದು.

ಈಗ ಅಳಿಯನ ಸಾಲಿಗೆ ಬರೋಣ. ಎಕ್ಸಿಟ್‌ಬಿಎಸ್ ಎಂದರೆ 'ಎಕ್ಸಿಟ್ ಬೂಟ್ ಸರ್ವಿಸಸ್'. ಅಲ್ಲಿಯವರೆಗೆ ಯಂತ್ರ ಮದರ್‌ಬೋರ್ಡಿನ ಕೈಯಲ್ಲಿತ್ತು. ಆ ಕ್ಷಣ ಬೋರ್ಡು ಕೈಬಿಡುತ್ತದೆ, ಮ್ಯಾಕ್‌ನ ಕರ್ನೆಲ್, ಅಂದರೆ ತಿರುಳು, ಹಿಡಿದುಕೊಳ್ಳಬೇಕು. ರಿಲೇ ಓಟದಲ್ಲಿ ಒಬ್ಬ ಕೋಲು ಬಿಟ್ಟು ಇನ್ನೊಬ್ಬ ಹಿಡಿಯುವ ಹೊತ್ತಿನ ಹಾಗೆ. ಹಿಡಿಯುವಾಗ ರ‍್ಯಾಮ್‌ನ ಯಾವ ಭಾಗ ಯಾರದ್ದು ಎಂಬ ನಕ್ಷೆ ಸರಿಯಿರಬೇಕು. ಪ್ರತಿ ಬೋರ್ಡು ಆ ನಕ್ಷೆಯನ್ನು ತನ್ನದೇ ರೀತಿಯಲ್ಲಿ ಬರೆಯುತ್ತದೆ. ಅದನ್ನು ಮ್ಯಾಕ್‌ಗೆ ಒಪ್ಪುವಂತೆ ತಿದ್ದಲು ಓಪನ್‌ಕೋರ್‌ನಲ್ಲಿ 'ಕ್ವಿರ್ಕ್' ಎಂಬ ಸ್ವಿಚ್‌ಗಳಿವೆ. ಡಿವರ್ಚುವಲೈಸ್ ಎಂಎಂಐಒ, ರೀಬಿಲ್ಡ್ ಆಪಲ್ ಮೆಮೊರಿ ಮ್ಯಾಪ್, ಸೆಟಪ್ ವರ್ಚುವಲ್ ಮ್ಯಾಪ್ ಇವು ಮುಖ್ಯವಾದವು. ಯಾವ ತಲೆಮಾರಿನ ಚಿಪ್‌ಗೆ ಯಾವುದು ಆನ್, ಯಾವುದು ಆಫ್ ಎಂಬುದು ಬೇರೆ ಬೇರೆ.

"ಈ ಇಎಫ್‌ಐ ಎಲ್ಲಿಂದ ತಂದಿ?" ಕೇಳಿದೆ.

"ಒಬ್ಬರು ರೆಡಿ ಮಾಡಿ ಇಟ್ಟಿದ್ರು ಮಾವ. ಡೌನ್‌ಲೋಡ್ ಮಾಡ್ಕೊಂಡೆ."

ಅದು 6ನೇ ತಲೆಮಾರಿನ ಬೋರ್ಡಿಗೆ ಮಾಡಿದ್ದು. ಇವನದು 8ನೇದು. ಅಣ್ಣನ ಕನ್ನಡಕ ತಮ್ಮ ಹಾಕಿಕೊಂಡ ಹಾಗೆ. ಮೂರು ಸಲ ಅಲ್ಲ, ಮುನ್ನೂರು ಸಲ ಹಾಕಿದರೂ ಅಲ್ಲೇ ನಿಲ್ಲುತ್ತಿತ್ತು. ಹ್ಯಾಕಿಂಟಾಷ್ ತೊಂದರೆಗಳಲ್ಲಿ ನಾನು ಕಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ರೆಡಿಮೇಡ್ ಫೋಲ್ಡರು. ಅದನ್ನು ಅಳಿಸಿ, ಡಾರ್ಟೇನಿಯಾ ಎಂಬ ಗೈಡಿನಲ್ಲಿ ತನ್ನ ಚಿಪ್‌ನ ಪುಟ ತೆರೆದು, ಒಂದೊಂದೇ ಸಾಲು ತುಂಬಿಸುವಂತೆ ಕೂರಿಸಿದೆ. ರಾತ್ರಿ ಹನ್ನೊಂದಾಯಿತು. ಆ ಸಾಲು ದಾಟಿತು.

ಪಹಣಿಯಲ್ಲಿ ಇಲ್ಲದ ಗಡಿಯಾರ

ದಾಟಿ ಇನ್ನೊಂದು ಕಡೆ ನಿಂತಿತು. ಈ ಸಲ 'ಪಿಸಿಐ ಕಾನ್ಫಿಗರೇಷನ್ ಬಿಗಿನ್' ಎಂಬ ಸಾಲಿನ ಹತ್ತಿರ. ಅಳಿಯನ ಮುಖ ಬಾಡಿತು. ನನಗೆ ಖುಷಿಯಾಯಿತು. ನಿಂತ ಜಾಗ ಬದಲಾಯಿತು ಅಂದರೆ ಹಿಂದಿನದು ಸರಿಹೋಯಿತು ಎಂದಲ್ವಾ?

ಇಲ್ಲಿ ನಿಲ್ಲಲು ಕಾರಣ ಹಲವು. ಅಬೌ 4ಜಿ ಡಿಕೋಡಿಂಗ್ ಆಫ್ ಇದ್ದರೂ ಇಲ್ಲೇ ನಿಲ್ಲಬಹುದು. ಅದನ್ನು ಆಗಲೇ ಆನ್ ಮಾಡಿದ್ದೆವು. ಉಳಿದದ್ದು ಎಸ್‌ಎಸ್‌ಡಿಟಿ.

ಪಹಣಿ ನಮಗೆಲ್ಲ ಗೊತ್ತು. ಇಂಥ ಸರ್ವೆ ನಂಬರು, ಇಷ್ಟು ಎಕರೆ, ಇಷ್ಟು ಗುಂಟೆ, ಯಾರ ಹೆಸರು, ಏನು ಬೆಳೆ. ಮದರ್‌ಬೋರ್ಡಿನ ಒಳಗೂ ಅಂಥದೊಂದು ದಾಖಲೆ ಇದೆ. ಅದರ ಹೆಸರು ಎಸಿಪಿಐ. ಈ ಜಾಗದಲ್ಲಿ ಯುಎಸ್‌ಬಿ ಇದೆ, ಆ ಜಾಗದಲ್ಲಿ ಗಡಿಯಾರ ಇದೆ ಎಂದು ಆಪರೇಟಿಂಗ್ ಸಿಸ್ಟಂಗೆ ತಿಳಿಸುವ ಪಟ್ಟಿ. ಬೋರ್ಡು ಮಾಡುವವರು ಅದನ್ನು ವಿಂಡೋಸ್ ಓದುತ್ತದೆ ಎಂದುಕೊಂಡು ಬರೆದಿರುತ್ತಾರೆ. ಮ್ಯಾಕ್ ಅದನ್ನೇ ಓದಿದಾಗ ಕೆಲವು ಹೆಸರು ಸಿಗುವುದಿಲ್ಲ. ಎಸ್‌ಎಸ್‌ಡಿಟಿ ಎಂದರೆ ಆ ಪಹಣಿಗೆ ಮಾಡಿಸುವ ಮ್ಯುಟೇಷನ್. ಮೂಲ ದಾಖಲೆ ಬೋರ್ಡಿನಲ್ಲಿ ಹಾಗೇ ಇರುತ್ತದೆ. ಓಪನ್‌ಕೋರ್ ಪ್ರತಿ ಸಲ ಏಳುವಾಗ ತಿದ್ದುಪಡಿಯ ಹಾಳೆ ಸೇರಿಸಿ ಕೊಡುತ್ತದೆ.

ಬಿ360ಯಂಥ 300 ಸರಣಿಯ ಬೋರ್ಡುಗಳಲ್ಲಿ ಎವ್ಯಾಕ್ ಎಂಬ ಹೊಸ ಗಡಿಯಾರ ಬಂತು. ಮ್ಯಾಕ್‌ಗೆ ಅದು ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಹಳೆಯ ಆರ್‌ಟಿಸಿ, ರಿಯಲ್ ಟೈಮ್ ಕ್ಲಾಕ್. (ಪಹಣಿಗೂ ನಾವು ಆರ್‌ಟಿಸಿ ಎನ್ನುತ್ತೇವೆ. ಇಲ್ಲಿನದು ಬೇರೆ, ಗೊಂದಲ ಬೇಡ.) ಹಳೆ ಗಡಿಯಾರ ಬೋರ್ಡಿನಲ್ಲಿ ಇನ್ನೂ ಇದೆ, ದಾಖಲೆಯಲ್ಲಿ ಮಾತ್ರ ಅದನ್ನು ಮುಚ್ಚಿಟ್ಟಿದ್ದಾರೆ. ಎಸ್‌ಎಸ್‌ಡಿಟಿ-ಎವ್ಯಾಕ್ ಎಂಬ ಫೈಲು ಅದನ್ನು ಮತ್ತೆ ತೆರೆಯುತ್ತದೆ. 6ನೇ ತಲೆಮಾರಿನ ಬೋರ್ಡಿಗೆ ಇದರ ಅಗತ್ಯವೇ ಇಲ್ಲ. ಹಾಗಾಗಿ ಆ ರೆಡಿಮೇಡ್ ಫೋಲ್ಡರಿನಲ್ಲಿ ಇದು ಇರಲೇ ಇಲ್ಲ, ಅಳಿಯ ಹೊಸದಾಗಿ ಮಾಡುವಾಗಲೂ ಈ ಹಾಳೆ ಬಿಟ್ಟಿದ್ದ. ಸೇರಿಸಿದೆವು.

ಫೈಲನ್ನು ಫೋಲ್ಡರಿಗೆ ಹಾಕಿದರಷ್ಟೇ ಸಾಲದು, ಕಾನ್ಫಿಗ್ ಫೈಲಿನಲ್ಲೂ ಅದರ ಹೆಸರು ಬರೆಯಬೇಕು. ಚೀಟಿಯಲ್ಲಿ ಹೆಸರಿಲ್ಲದವರನ್ನು ಮಧ್ಯಸ್ಥ ಒಳಗೆ ಬಿಡುವುದಿಲ್ಲ. ಓಪನ್‌ಕೋರ್ ಜೊತೆಗೇ ಬರುವ ಓಸಿ ವ್ಯಾಲಿಡೇಟ್ ಎಂಬ ಸಣ್ಣ ಸಾಧನ ಕಾನ್ಫಿಗ್ ಫೈಲಿನ ತಪ್ಪುಗಳನ್ನು ಹುಡುಕಿಕೊಡುತ್ತದೆ. ಓಪನ್‌ಕೋರ್ ಒಂದು ಆವೃತ್ತಿಯದು, ಕಾನ್ಫಿಗ್ ಇನ್ನೊಂದು ಆವೃತ್ತಿಯದು ಆದರೂ ಅದು ಬೈದು ಹೇಳುತ್ತದೆ.

ಹದಿನೈದು ತೂಬಿನ ಕಾಲುವೆ

ಮೂರನೇ ಸಲ ನಿಂತದ್ದು ಅಡ್ಡಗೆರೆ ಎಳೆದ ಸುತ್ತಿನ ಗುರುತಿನ ಮುಂದೆ. ಅಕ್ಷರಗಳಲ್ಲಿ 'ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್'. ಅಂದರೆ ಮ್ಯಾಕ್ ಎದ್ದಿತು, ಆದರೆ ತಾನು ಯಾವ ಡ್ರೈವಿನಿಂದ ಎದ್ದೆನೋ ಅದೇ ಈಗ ಕಾಣುತ್ತಿಲ್ಲ. ಪೆನ್‌ಡ್ರೈವ್ ಕಣ್ಣೆದುರೇ ಸಿಕ್ಕಿಸಿದೆ, ಲೈಟೂ ಮಿನುಗುತ್ತಿದೆ. ಕಾಣುತ್ತಿಲ್ಲ ಅಂದರೆ?

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆ ಕೊಪ್ಪಳ ದಾಟಿ ರಾಯಚೂರಿನವರೆಗೆ ಹೋಗುತ್ತದೆ. ಮೇಲಿನ ತೂಬುಗಳಿಗೆ ನೀರು ಸಿಗುತ್ತದೆ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದವರು ಪ್ರತಿ ವರ್ಷ ನೀರಿಗೆ ಕಾಯುತ್ತಾರೆ. ಮ್ಯಾಕ್‌ಒಎಸ್ ಪ್ರತಿ ಯುಎಸ್‌ಬಿ ಕಂಟ್ರೋಲರ್‌ಗೆ 15 ಪೋರ್ಟು ಎಂದು ಮಿತಿ ಹಾಕಿದೆ. 2015ರ ಎಲ್ ಕ್ಯಾಪಿಟನ್ ಆವೃತ್ತಿಯಿಂದ ಇದು ಹೀಗೇ. 15ರ ನಂತರದವು ಕೊನೆ ಭಾಗದ ಹೊಲಗಳು.

ನನ್ನ ಪಿಸಿಯಲ್ಲಿ ಎಣಿಸಿದರೆ ಹತ್ತು ರಂಧ್ರವೂ ಇಲ್ಲ, ಹದಿನೈದು ಹೇಗೆ ದಾಟುತ್ತದೆ ಎಂದು ನೀವು ಕೇಳಬಹುದು. ಯುಎಸ್‌ಬಿ 3ರ ನೀಲಿ ರಂಧ್ರ ಒಂದೇ ಕಂಡರೂ ಲೆಕ್ಕಕ್ಕೆ ಎರಡು. ಹಳೆ ವೇಗಕ್ಕೊಂದು, ಹೊಸ ವೇಗಕ್ಕೊಂದು. ಕ್ಯಾಬಿನೆಟ್ಟಿನ ಮುಂದಿನವು, ಬೋರ್ಡಿನೊಳಗಿನ ಬ್ಲೂಟೂತ್, ಯಾವುದಕ್ಕೂ ಜೋಡಿಸದೆ ಬಿಟ್ಟ ಪಿನ್ನುಗಳು, ಎಲ್ಲ ಸೇರಿ ಹದಿನೈದು ಸುಲಭವಾಗಿ ಮೀರುತ್ತದೆ. ಮಿತಿ ಮೀರಿದ ಪೋರ್ಟಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಓಪನ್‌ಕೋರ್‌ಗೆ ಕಾಣುತ್ತದೆ, ಮ್ಯಾಕ್‌ಗೆ ಕಾಣುವುದಿಲ್ಲ.

ತಕ್ಷಣದ ಉಪಾಯ ಬೇರೆ ರಂಧ್ರಕ್ಕೆ ಹಾಕಿ ನೋಡುವುದು, ಅದರಲ್ಲೂ ಕಪ್ಪು ಬಣ್ಣದ ಯುಎಸ್‌ಬಿ 2ಕ್ಕೆ. ನಮಗೆ ಹಿಂಬದಿಯ ಎರಡನೆಯದರಲ್ಲಿ ಸಿಕ್ಕಿತು. ಸರಿಯಾದ ಪರಿಹಾರ ಯುಎಸ್‌ಬಿ ಮ್ಯಾಪಿಂಗ್, ಅಂದರೆ ಯಾವ 15 ತೂಬು ತೆರೆಯಬೇಕೆಂದು ನಾವೇ ಗೊತ್ತು ಮಾಡುವುದು. ಯುಎಸ್‌ಬಿ ಟೂಲ್‌ಬಾಕ್ಸ್ ಎಂಬ ತಂತ್ರಾಂಶ ವಿಂಡೋಸ್‌ನಲ್ಲೇ ಓಡುತ್ತದೆ. ಪ್ರತಿ ರಂಧ್ರಕ್ಕೂ ಒಂದು ಯುಎಸ್‌ಬಿ 2 ಪೆನ್‌ಡ್ರೈವ್, ಆಮೇಲೆ ಒಂದು ಯುಎಸ್‌ಬಿ 3 ಪೆನ್‌ಡ್ರೈವ್ ಹಾಕಿ ತೆಗೆಯುತ್ತಾ ಹೋಗಬೇಕು. ಬೇಡದ್ದನ್ನು ಬಿಟ್ಟು ಉಳಿಸಿದರೆ ಅದು ಒಂದು ಕೆಕ್ಸ್ಟ್ ಮಾಡಿಕೊಡುತ್ತದೆ. ಬೇಸರದ ಕೆಲಸ, ಆದರೆ ತಪ್ಪಿಸಬೇಡಿ. ಸ್ಲೀಪ್‌ಗೆ ಹೋದ ಪಿಸಿ ತಾನಾಗೇ ಎದ್ದು ಕೂರುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಇನ್‌ಸ್ಟಾಲ್ ನಡುವೆ ಮೋಸಹೋಗುವ ಜಾಗ

ಪೆನ್‌ಡ್ರೈವಿನಲ್ಲಿ ರಿಕವರಿ ಎಂಬ ಸಣ್ಣ ಭಾಗ ಮಾತ್ರ ಇಟ್ಟುಕೊಂಡರೆ ಮಿಕ್ಕ 10 ಜಿಬಿಗಿಂತ ಜಾಸ್ತಿ ಇಂಟರ್‌ನೆಟ್‌ನಿಂದ ಇಳಿಯಬೇಕು. ಕೇಬಲ್ ಇಂಟರ್‌ನೆಟ್ ಇದ್ದರೆ ನಿಶ್ಚಿಂತೆ. ವೈಫೈ ಡಾಂಗಲ್‌ಗಳಿಗೆ ಮ್ಯಾಕ್‌ನಲ್ಲಿ ಡ್ರೈವರ್ ಸಿಗುವುದು ಕಷ್ಟ.

ಆಮೇಲೆ ಯಂತ್ರ ತಾನಾಗೇ ಹಲವು ಸಲ ರೀಸ್ಟಾರ್ಟ್ ಆಗುತ್ತದೆ. ಪ್ರತಿ ಸಲ ಓಪನ್‌ಕೋರ್ ಪಟ್ಟಿಯಲ್ಲಿ 'ಮ್ಯಾಕ್‌ಒಎಸ್ ಇನ್‌ಸ್ಟಾಲರ್' ಎಂಬ ಹೊಸ ಹೆಸರು ಬರುತ್ತದೆ. ಅದನ್ನೇ ಆರಿಸಬೇಕು. ಮತ್ತೆ ಪೆನ್‌ಡ್ರೈವನ್ನೇ ಆರಿಸಿದರೆ ಎಲ್ಲ ಮೊದಲಿನಿಂದ ಶುರು. ಇದನ್ನು 'ಲೂಪ್ ಆಗ್ತಿದೆ' ಎಂದು ಹೇಳಿಕೊಂಡು ಬರುವವರು ಬಹಳ. ಲೂಪ್ ಏನೂ ಇಲ್ಲ, ಅರ್ಧ ದಾರಿಯಲ್ಲಿ ಇಳಿದು ಮತ್ತೆ ಬಸ್‌ಸ್ಟ್ಯಾಂಡಿಗೆ ಬಂದಿದ್ದಾರೆ ಅಷ್ಟೇ.

ಎದ್ದ ಮೇಲೆ

ಬೆಳಗಿನ ಜಾವ ಎರಡಕ್ಕೆ ಭಾಷೆ ಆರಿಸಿ ಎಂಬ ಪುಟ ಬಂತು. ಅಲ್ಲಿಂದ ಮುಂದಿನವು ಸಣ್ಣಪುಟ್ಟ ತೊಂದರೆ.

ಸೌಂಡ್ ಬರಲಿಲ್ಲ. ಬೋರ್ಡಿನ ಸೌಂಡ್ ಚಿಪ್ ಎಎಲ್‌ಸಿ 887. ಆಪಲ್‌ಎಎಲ್‌ಸಿ ಎಂಬ ಕೆಕ್ಸ್ಟ್ ಆ ಚಿಪ್‌ಗೆ ಹಲವು 'ಲೇಔಟ್' ನಂಬರು ಕೊಟ್ಟಿರುತ್ತದೆ. ಯಾವ ಪಿನ್ನಿಗೆ ಸ್ಪೀಕರ್, ಯಾವುದಕ್ಕೆ ಮೈಕ್ ಎಂಬ ಜೋಡಣೆ ಬೋರ್ಡಿನಿಂದ ಬೋರ್ಡಿಗೆ ಬೇರೆ. ಒಂದೊಂದೇ ನಂಬರು ಹಾಕಿ, ರೀಸ್ಟಾರ್ಟ್ ಮಾಡಿ ಕೇಳಬೇಕು. ಬೇರೆ ದಾರಿಯಿಲ್ಲ. ನಮಗೆ ಮೂರನೇ ನಂಬರಿಗೆ ಹಾಡು ಬಂತು.

ಐಮೆಸೇಜ್, ಐಕ್ಲೌಡ್ ಬೇಕೆನ್ನುವವರು ಗುರುತಿನ ಚೀಟಿ ನೋಡಿಕೊಳ್ಳಬೇಕು. ಎಸ್‌ಎಂಬಯಾಸ್ ಎಂದರೆ ಪಿಸಿ ತಾನು ಇಂಥ ಮ್ಯಾಕ್ ಎಂದು ತೋರಿಸುವ ಆಧಾರ್ ಕಾರ್ಡು. ಅಳಿಯನ ಚಿಪ್‌ಗೆ ಒಪ್ಪುವುದು 'ಐಮ್ಯಾಕ್ 19,1', 2019ರ ಐಮ್ಯಾಕ್. ಅದರ ಸೀರಿಯಲ್ ನಂಬರನ್ನು ನಾವೇ ಹುಟ್ಟಿಸಿ, ಆಪಲ್‌ನ ವಾರಂಟಿ ಪರೀಕ್ಷೆಯಲ್ಲಿ ಹಾಕಿ ನೋಡಬೇಕು. ಇಂಥದ್ದು ಇಲ್ಲ ಎಂದು ಬಂದರೆ ಒಳ್ಳೆಯದು. ಇದೆ ಎಂದು ಬಂದರೆ ಅದು ಇನ್ಯಾರದೋ ನಿಜವಾದ ಮ್ಯಾಕ್‌ನದು, ಮುಟ್ಟಬಾರದು. ರೆಡಿಮೇಡ್ ಫೋಲ್ಡರಿನ ಇನ್ನೊಂದು ಅಪಾಯ ಇದೇ. ಅದರಲ್ಲಿ ಬೇರೆಯವರ ಸೀರಿಯಲ್ ಇರುತ್ತದೆ, ನೂರಾರು ಜನ ಒಂದೇ ಆಧಾರ್ ಹಿಡಿದು ನಿಂತ ಹಾಗೆ.

ಮರುದಿನ ಬೆಳಿಗ್ಗೆ ವಿಂಡೋಸ್ ಹಚ್ಚಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಹೊಸ ಸೆಲ್ಲೂ ಕೆಟ್ಟಿತೇ ಎಂದು ಅಳಿಯ ಗಾಬರಿಯಾದ. ಕೆಟ್ಟಿರಲಿಲ್ಲ. ಮ್ಯಾಕ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಬರೆಯುತ್ತದೆ. ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ 'ರಿಯಲ್ ಟೈಮ್ ಈಸ್ ಯೂನಿವರ್ಸಲ್' ಎಂಬ ಒಂದು ಸಾಲು ಸೇರಿಸಿದರೆ ಇಬ್ಬರೂ ಒಂದೇ ಮಾತಾಡುತ್ತಾರೆ.

ಇನ್ನೆಷ್ಟು ದಿನ?

ಆಪಲ್ 2020ರ ಜೂನ್‌ನಲ್ಲಿ ಇಂಟೆಲ್ ಬಿಟ್ಟು ತನ್ನದೇ ಚಿಪ್‌ಗೆ ಹೋಗುವುದಾಗಿ ಹೇಳಿತು. ನವೆಂಬರ್‌ನಲ್ಲಿ ಎಂ1 ಬಂತು. ಅದು ಎಆರ್‌ಎಂ ಎಂಬ ಬೇರೆಯೇ ಜಾತಿಯ ಚಿಪ್. ಇಂಟೆಲ್‌ಗೆ ಬರೆದ ಆದೇಶಗಳು ಬೇರೆ, ಅದಕ್ಕೆ ಬರೆದವು ಬೇರೆ. ಮಧ್ಯಸ್ಥ ಗುಣಾವಗುಣ ಮುಚ್ಚಿಡಬಹುದು, ವರನನ್ನೇ ಬದಲಿಸಲಾಗದು. ಹಾಗಾಗಿ ಓಪನ್‌ಕೋರ್‌ಗೂ ಇಲ್ಲಿ ಕೆಲಸವಿಲ್ಲ.

2025ರ ಟಾಹೋ, ಅಂದರೆ ಮ್ಯಾಕ್‌ಒಎಸ್ 26, ಇಂಟೆಲ್‌ಗೆ ಕೊನೆಯದು. ಅದೂ ನಾಲ್ಕೇ ಇಂಟೆಲ್ ಮಾದರಿಗಳಿಗೆ: 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊ, 2020ರ ನಾಲ್ಕು ಥಂಡರ್‌ಬೋಲ್ಟ್ ಪೋರ್ಟಿನ 13 ಇಂಚಿನದು, 2020ರ 27 ಇಂಚಿನ ಐಮ್ಯಾಕ್, 2019ರ ಮ್ಯಾಕ್ ಪ್ರೊ. ಅಳಿಯನ ಪಿಸಿ ಹಿಡಿದಿರುವ 2019ರ ಐಮ್ಯಾಕ್ ಚೀಟಿ ಈ ಪಟ್ಟಿಯಲ್ಲಿಲ್ಲ. ಅದು 2024ರ ಸೆಕೋಯಾಗೇ, ಅಂದರೆ ಮ್ಯಾಕ್‌ಒಎಸ್ 15ಕ್ಕೇ, ನಿಲ್ಲುತ್ತದೆ. ಚೀಟಿ ಬದಲಿಸಿ ಟಾಹೋ ಹಾಕುವವರಿದ್ದಾರೆ. ಆದರೆ ಟಾಹೋದಲ್ಲಿ ಆಪಲ್ ಹಳೆಯ ಸೌಂಡ್ ಡ್ರೈವರನ್ನೇ ತೆಗೆದಿದೆ. ಮೂರನೇ ನಂಬರಿಗೆ ಬಂದ ಹಾಡು ಅಲ್ಲಿ ಸುಮ್ನೆ ಬರುವುದಿಲ್ಲ, ಮತ್ತೆ ತಿದ್ದುಪಡಿ ಬೇಕು. ಕೆಲಸಕ್ಕೆ ಬೇಕಾದ ಯಂತ್ರಕ್ಕೆ ನಾನಾದರೆ ಸೆಕೋಯಾದಲ್ಲೇ ಇರುತ್ತೇನೆ.

ಕ್ಯಾಬಿನೆಟ್ ಮತ್ತೆ ಜಮಖಾನ ಸುತ್ತಿಕೊಂಡು ಗಂಗಾವತಿಗೆ ಹೋಯಿತು. ಹದಿನೈದು ದಿನ ಬಿಟ್ಟು ಫೋನ್ ಬಂತು.

"ಮಾವ, ಕೆಂಪು ಚುಕ್ಕಿ ಬಂದೈತ್ರಿ. ಅಪ್‌ಡೇಟ್ ಅಂತೈತಿ. ಒತ್ತಲೇನ್ರಿ?"

"ಯಾವ ನಂಬರ್ ಐತಿ ಓದು."

"ಹದಿನೈದು ಪಾಯಿಂಟ್ ಏನೋ ಐತ್ರಿ."

"ಹಂಗಾದ್ರ ಸೆಕೋಯಾದ್ದೇ. ಇಪ್ಪತ್ತಾರು ಅಂತ ಇದ್ರ ಮುಟ್ಟಬ್ಯಾಡ. ಈಗ ಇರೋ ಇಎಫ್‌ಐ ಫೋಲ್ಡರನ್ನ ಮೊದಲ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡು. ಆ ಪೆನ್‌ಡ್ರೈವಿನಿಂದ ಒಂದ್ಸಲ ಎದ್ದು ನೋಡು. ಎದ್ದರ ಒತ್ತು."